ನಳಿಗೆಯ ಭಾರ ಯಾರ ಹೆಗಲಿಗೆ?

ಬೇಟೆಯ ಕೋವಿಯ ನಳಿಗೆ ಎಷ್ಟು ಉದ್ದವಿರಬೇಕು, ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆಗೂ ಧರ್ಮಜಿಜ್ಞಾಸೆಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ವಾಚಕರು ಕೇಳಿದರೆ ಆಶ್ಚರ್ಯವಿಲ್ಲ. ಅದರಲ್ಲೂ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವವನೊಬ್ಬ, ತೊಗರಿಬೇಳೆಗಿಂತ ಉಗ್ರವಾದುದನ್ನು ತಿಂದರಿಯದವನು, ಈ ವಿಷಯಕ್ಕೆ ಕೈ ಹಾಕಿದರೆ ನಗುವುದಕ್ಕೂ ಕಾರಣವಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೋಜಿನ ಬೇಟೆಯ ಬಾಗಿಲನ್ನು ಎಳೆದುಕೊಂಡಿತು. 1991ರ ತಿದ್ದುಪಡಿ ಉಳಿದಿದ್ದ ಸಂದನ್ನೂ ಮುಚ್ಚಿತು. ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ಇಂದು ಬೇಟೆ ಉಳಿದಿರುವುದು ಪುಸ್ತಕದ ಕಪಾಟಿನಲ್ಲಿ ಮಾತ್ರ: ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದುಕೊಟ್ಟ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳಲ್ಲಿ, ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ಚಿರತೆಯಲ್ಲಿ.

ಆದರೆ ಪ್ರಶ್ನೆ ಬೇರೆ ಕಡೆ ಇನ್ನೂ ಬದುಕಿದೆ. ಟಾಂಜಾನಿಯ, ಜಿಂಬಾಬ್ವೆ, ನಮೀಬಿಯ ಮೊದಲಾದ ದೇಶಗಳಲ್ಲಿ ಹಣ ತೆತ್ತು ಪರವಾನಗಿ ಪಡೆದು ಕಾಡೆಮ್ಮೆಯನ್ನೋ ಆನೆಯನ್ನೋ ಹೊಡೆಯುವುದು ಕಾನೂನುಬದ್ಧವಾಗಿಯೇ ನಡೆಯುತ್ತದೆ. ಹೋಗುವವರು ಹೆಚ್ಚಾಗಿ ಅಮೆರಿಕ ಯೂರೋಪುಗಳ ಅನುಕೂಲಸ್ಥರು. ಹೋಗುವುದಕ್ಕೆ ವರ್ಷ ಮುಂಚೆಯೇ ಕೋವಿ ಮಾಡಿಸುತ್ತಾರೆ. ನಮ್ಮಲ್ಲಿ ಮಗಳ ಮದುವೆಗೆ ಒಡವೆ ಮಾಡಿಸುವಾಗ ನಡೆಯುವಷ್ಟೇ ಚರ್ಚೆ ಆ ಕೋವಿಯ ನಳಿಗೆಯ ಬಗ್ಗೆ ನಡೆಯುತ್ತದೆ. ಇಪ್ಪತ್ತೆರಡು ಅಂಗುಲವೋ ಇಪ್ಪತ್ತಾರೋ? ತೆಳುವೋ ದಪ್ಪವೋ? ನಳಿಗೆ ಮಾಡುವವರು ದಪ್ಪಕ್ಕೆ ನಂಬರು ಕೊಟ್ಟಿರುತ್ತಾರೆ, ದರ್ಜಿಯ ಅಂಗಡಿಯ ಕಾಲರಿನ ಅಳತೆಯ ಹಾಗೆ. ಸಾಮಾನ್ಯವಾಗಿ ನಂಬರು ಏರಿದಂತೆ ಉಕ್ಕೂ ಏರುತ್ತದೆ. ಈ ಚರ್ಚೆಗಳನ್ನು ಓದುತ್ತ ಹೋದಂತೆ ನನಗೆ ಹೊಳೆದದ್ದು ಇಷ್ಟು. ಪ್ರಾಣಿ ಕಣ್ಣಿಗೆ ಬೀಳುವುದಕ್ಕೆ ತಿಂಗಳುಗಟ್ಟಲೆ ಮುಂಚೆ, ಅಂಗಡಿಯ ಮೇಜಿನ ಮುಂದೆ ಕುಳಿತಾಗಲೇ, ಈ ಬೇಟೆಯ ಕಷ್ಟ ಯಾರ ಪಾಲಿಗೆ ಎಷ್ಟು ಎಂಬುದು ಒಂದು ಮಟ್ಟಿಗೆ ನಿಷ್ಕರ್ಷೆಯಾಗಿಬಿಡುತ್ತದೆ. ಅದು ಹಂಚಿಕೆಯ ಪ್ರಶ್ನೆ. ಹಂಚಿಕೆಯ ಪ್ರಶ್ನೆಯೆಲ್ಲ ಧರ್ಮದ ಪ್ರಶ್ನೆಯೇ.

ಮೊದಲು ಉಕ್ಕಿನ ವಿಚಾರವನ್ನೇ ನೋಡೋಣ. ರೈಫಲಿನ ನಳಿಗೆಯೆಂದರೆ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದ ಕೊಳವೆ. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಕಳಿಸುತ್ತವೆ. ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ಹಿಂದಿನಿಂದ ತಳ್ಳುತ್ತದೆ. ನಳಿಗೆ ಉದ್ದವಿದ್ದಷ್ಟೂ ತಳ್ಳುವ ಅವಕಾಶ ಹೆಚ್ಚು, ವೇಗವೂ ಹೆಚ್ಚು. ಹಾಗೆಂದು ಉದ್ದವೇ ಸರ್ವಸ್ವವಲ್ಲ. ಸೆಕೆಂಡಿಗೆ 2,100 ಅಡಿ ಹೋಗುವ ಗುಂಡಿಗೆ ಒಂದಂಗುಲ ನಳಿಗೆ ಕಡಿಮೆಯಾದರೆ ಸ್ಥೂಲವಾಗಿ 20-30 ಅಡಿ ವೇಗ ಇಳಿಯಬಹುದು. ನೂರಕ್ಕೆ ಒಂದೂವರೆ ಪಾಲೂ ಆಗಲಿಲ್ಲ. ಐವತ್ತು ಗಜ ದೂರದಲ್ಲಿ ನಿಂತ ಎಮ್ಮೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಉದ್ದದ ನಿಜವಾದ ಕೆಲಸ ಬೇರೆ. ಉದ್ದನೆಯ ನಳಿಗೆ ಮುಂದಕ್ಕೆ ಭಾರ ಕೊಟ್ಟು ಕೋವಿಯನ್ನು ನಡುಗದಂತೆ ಹಿಡಿಯುತ್ತದೆ. ಸ್ಫೋಟದ ಸದ್ದನ್ನೂ ಬೆಂಕಿಯನ್ನೂ ಮುಖದಿಂದ ದೂರ ಇಡುತ್ತದೆ. ಮೋಟು ನಳಿಗೆ ಮುಳ್ಳುಪೊದೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಥಟ್ಟನೆ ಹೆಗಲಿಗೇರುತ್ತದೆ. ಎರಡೂ ಗುಣವೇ, ಎರಡೂ ಒಂದೇ ಕೋವಿಯಲ್ಲಿ ಸಿಕ್ಕುವುದಿಲ್ಲ.

ದಪ್ಪದ ವಿಚಾರ ಇನ್ನೂ ಸ್ವಾರಸ್ಯ. ನಳಿಗೆ ಬುಡದಲ್ಲಿ ದಪ್ಪವಾಗಿದ್ದು ಮೂತಿಯತ್ತ ಸಣ್ಣಗಾಗುತ್ತ ಹೋಗುತ್ತದೆ, ಬಿದಿರಿನ ದೋಟಿಯ ಹಾಗೆ. ದೊಡ್ಡ ಗುಂಡಿನ ಕೋವಿಗೆ ನಳಿಗೆಯೂ ಭಾರವಾಗಿರುತ್ತದೆಂದು ನಾವು ಊಹಿಸುತ್ತೇವೆ. ನಿಜ ಅದಕ್ಕೆ ತಿರುಗುಮುರುಗು. ಹೊರಗಿನ ದಪ್ಪ ಒಂದೇ ಆಗಿದ್ದರೆ ರಂಧ್ರ ದೊಡ್ಡದಾದಷ್ಟೂ ಉಕ್ಕು ಕಡಿಮೆ. 19 ಮಿಲಿಮೀಟರು ದಪ್ಪದ ಕೊಳವೆಯಲ್ಲಿ ಜಿಂಕೆ ಹೊಡೆಯುವ 7 ಮಿಲಿಮೀಟರಿನ ರಂಧ್ರ ಕೊರೆದರೆ ಪ್ರತಿ ಅಂಗುಲ ಸುಮಾರು 49 ಗ್ರಾಂ ತೂಗುತ್ತದೆ. ಆನೆ ಹೊಡೆಯುವ 11.6 ಮಿಲಿಮೀಟರಿನದನ್ನು ಕೊರೆದರೆ 35 ಗ್ರಾಂ. ಅಂದರೆ ಒದೆತ ಅತಿ ಹೆಚ್ಚಾಗಿರುವ ಕೋವಿಯೇ, ಎಚ್ಚರ ತಪ್ಪಿದರೆ, ಅತಿ ಹಗುರವಾಗಿ ಕೂರುತ್ತದೆ. ಒದೆತದ ಶಕ್ತಿಯಾದರೋ ಕೋವಿಯ ತೂಕಕ್ಕೆ ವಿಲೋಮ. ನಾಲ್ಕೂವರೆ ಕಿಲೋ ಇದ್ದದ್ದನ್ನು 3.6 ಕಿಲೋಗೆ ಇಳಿಸಿದರೆ, ಅದೇ ತೋಟಾ ಹೆಗಲಿಗೆ ಕಾಲುಭಾಗ ಹೆಚ್ಚು ಬಲವಾಗಿ ಗುದ್ದುತ್ತದೆ. ಇಂಥ ಕೋವಿಗಳಲ್ಲಿ ತೊಗಲಿನ ಪಟ್ಟಿಯ ಮುಂಗೊಕ್ಕೆಯನ್ನು ಕೆಳಗಿನ ಮರಕ್ಕೆ ಹಾಕದೆ ನಳಿಗೆಗೇ ಮುಂದೆ ಹಾಕಿರುತ್ತಾರೆ. ಮರದಲ್ಲಿದ್ದರೆ ಒದೆತದ ರಭಸಕ್ಕೆ ಅದು ಹಿಂದೆ ಬಂದು ಮುಂಗೈ ಬೆರಳನ್ನು ಹರಿದುಬಿಡುತ್ತದೆ. ಈ ಒಂದು ಸಂಗತಿ ಸಾಕು, ಒದೆತ ಎಂಥದೆಂದು ತಿಳಿಯಲು.

ಒದೆತ ಹೆಚ್ಚಾದರೆ ಏನು? ಹೆಗಲು ನೀಲಿಗಟ್ಟುತ್ತದೆ, ಎರಡು ದಿನದಲ್ಲಿ ವಾಸಿಯಾಗುತ್ತದೆ. ವಾಸಿಯಾಗದೆ ಉಳಿಯುವುದು ಮನಸ್ಸು. ಬೆರಳು ಕುದುರೆಯನ್ನು ಎಳೆಯುವ ಮೊದಲೇ ಒಡಲು ಮುದುಡುತ್ತದೆ, ಕಣ್ಣು ಮುಚ್ಚುತ್ತದೆ. ಗುರಿ ಗೇಣು ಆಚೆ ಜರುಗುತ್ತದೆ. ಅಷ್ಟು ಸಾಕು, ಹೃದಯಕ್ಕೆ ಹೋಗಬೇಕಾದ ಗುಂಡು ಹೊಟ್ಟೆಗೆ ಹೋಗುತ್ತದೆ. ಆಫ್ರಿಕದಲ್ಲಿ ಬೇಟೆಯಾಡಿ ಹೆಸರು ಮಾಡಿದ ಫ್ರೆಡರಿಕ್ ಸೆಲೂ 1870ರ ದಶಕದಲ್ಲಿ ಬಳಸಿದ್ದು ಕಾಲು ಪೌಂಡಿನ ಗುಂಡು ಹಾರಿಸುವ ಅಗ್ಗದ ಕೋವಿಗಳನ್ನು. ಅವುಗಳ ತೂಕ ಹನ್ನೆರಡೂವರೆ ಪೌಂಡು, ಅಂದರೆ ಆರು ಕಿಲೋಗೂ ಕಡಿಮೆ. ಅಷ್ಟು ದೊಡ್ಡ ಗುಂಡಿಗೆ ಅದು ಏನೇನೂ ಸಾಲದು. ಆ ಕೋವಿಗಳು ತನ್ನ ನರಗಳನ್ನೇ ಕೆಡಿಸಿದವು, ಮುಂದೆ ಹಗುರ ತೋಟಾ ಹೊಡೆಯುವಾಗಲೂ ಅದರ ಫಲ ತಪ್ಪಲಿಲ್ಲ ಎಂದು ಆತ ಪಶ್ಚಾತ್ತಾಪದಿಂದ ಬರೆದುಕೊಂಡಿದ್ದಾನೆ. ಉಪಕರಣವನ್ನು ನಾವು ಆರಿಸುತ್ತೇವೆಂದು ತಿಳಿದಿರುತ್ತೇವೆ. ಅದು ತಿರುಗಿ ನಮ್ಮನ್ನು ತಿದ್ದುತ್ತಿರುತ್ತದೆ.

ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದಲ್ಲಿ ಕೊಡಗಿನ ಮಿತ್ರರೊಬ್ಬರಿದ್ದಾರೆ. ಅವರ ಮನೆಯಲ್ಲಿ ಕೈಲ್‌ಪೋದ್ ದಿನ ಕೋವಿಗೆ ಹೂವಿಟ್ಟು ಪೂಜೆ ನಡೆಯುತ್ತದೆ. ಕೋವಿಯ ಮಾತಿನಲ್ಲಿ ಅವರದು ಅಧಿಕಾರವಾಣಿ. ಈ ಲೆಕ್ಕವನ್ನೆಲ್ಲ ಅವರ ಮುಂದಿಟ್ಟಾಗ, "ಮೇಷ್ಟ್ರೇ, ಇಷ್ಟು ಗಣಿತ ಯಾಕೆ? ಕೋವಿ ಭಾರವಾದರೆ ಹೊತ್ತವನಿಗೆ ಕಷ್ಟ, ಹಗುರವಾದರೆ ಹೊಡೆದವನಿಗೆ ಕಷ್ಟ. ಇದು ನಮ್ಮ ಅಜ್ಜನಿಗೂ ಗೊತ್ತಿತ್ತು" ಎಂದರು. ಮಾತು ಸೊಗಸಾಗಿದೆ. ಆದರೆ ಅದರಲ್ಲಿ ಇಬ್ಬರ ಲೆಕ್ಕವಿದೆಯೇ ಹೊರತು ಮೂರನೆಯದರ ಲೆಕ್ಕವಿಲ್ಲ. ಏಟು ತಿಂದ ಪ್ರಾಣಿಗೆ? ಅಲ್ಲದೆ ಹೊತ್ತವನೂ ಹೊಡೆದವನೂ ಒಬ್ಬನೇ ಎಂದು ಕೊಡಗಿನ ಅಜ್ಜ ಧಾರಾಳವಾಗಿ ನಂಬಬಹುದಾಗಿತ್ತು. ಎಲ್ಲ ಕಡೆಯೂ ಹಾಗಿರಲಿಲ್ಲ.

ಹಳೆಯ ಸಾಹೇಬರ ಬೇಟೆಯ ಪುಸ್ತಕಗಳನ್ನು ತೆಗೆದು ನೋಡಿ. 1860ರ ದಶಕದ ಆದಿಯಲ್ಲಿ ನೈಲ್ ನದಿಯ ಉಪನದಿಗಳ ಪ್ರದೇಶದಲ್ಲಿ ಅಲೆದ ಸ್ಯಾಮ್ಯುಯಲ್ ಬೇಕರನ ಬಳಿ 20 ಪೌಂಡು ತೂಕದ ಒಂದು ಕೋವಿಯಿತ್ತು. ಒಂಬತ್ತು ಕಿಲೋ! ಅರ್ಧ ಪೌಂಡಿನ ಸಿಡಿಗುಂಡು ಹಾರಿಸುತ್ತಿದ್ದ ಅದಕ್ಕೆ ಆತ ಇಟ್ಟಿದ್ದ ಹೆಸರು 'ಬೇಬಿ'. ಜೊತೆಯ ಅರಬರು ಅದನ್ನು ತೋಪಿನ ಮಗು ಎಂದು ಕರೆದರು. ಹಾರಿಸಿದಾಗಲೆಲ್ಲ ಅದು ಬೇಕರನಂಥ ಆಜಾನುಬಾಹುವನ್ನೂ ಗಿರಕಿ ಹೊಡೆಸುತ್ತಿತ್ತಂತೆ. ಆ ಕೂಸನ್ನು ದಿನವೆಲ್ಲ ಬಿಸಿಲಿನಲ್ಲಿ ಎತ್ತಿಕೊಂಡು ತಿರುಗುತ್ತಿದ್ದವರು ಆಳುಗಳು. ನಮ್ಮ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಕೂಡ, 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಆನೆಗೆ ಭಾರೀ ಕೋವಿಯೇ ಬೇಕೆಂಬ ಪಕ್ಷದವನು. ಅವರ ವಾದ ತಪ್ಪಲ್ಲ. ಭಾರವಾದ ಉದ್ದ ನಳಿಗೆ ಸ್ಥಿರವಾಗಿ ನಿಲ್ಲುತ್ತದೆ, ಒದೆತ ನುಂಗುತ್ತದೆ, ಪ್ರಾಣಿಯ ಸಾವನ್ನು ಬೇಗ ಮುಗಿಸುತ್ತದೆ. ಅದರ ಬೆಲೆಯನ್ನು ಮಾತ್ರ ಇನ್ನೊಬ್ಬ ತೆರುತ್ತಿದ್ದ. ಕೊನೆಯ ಗಳಿಗೆಯಲ್ಲಿ ಕೋವಿ ಸಾಹೇಬರ ಕೈಗೆ ಬರುತ್ತಿತ್ತು, ಹೊಡೆದ ಮೇಲೆ ಮರಳಿ ಆಳಿನ ಹೆಗಲಿಗೆ ಹೋಗುತ್ತಿತ್ತು. ಛಾಯಾಚಿತ್ರಗಳಲ್ಲಿ ಸಾಹೇಬರ ಹೆಸರಿರುತ್ತದೆ, ಹುಲಿಯ ಅಳತೆಯಿರುತ್ತದೆ. ಪಕ್ಕದಲ್ಲಿ ನಿಂತವನ ಹೆಸರಿರುವುದು ಅಪರೂಪ. (ನಾವು ಅಧ್ಯಾಪಕರೂ ಕಿಟ್ಟೆಲ್ ಕೋಶದ ಘನತೆಯನ್ನು ಹೊಗಳುತ್ತೇವೆ, ಅದನ್ನು ಗ್ರಂಥಾಲಯದ ಮಹಡಿಯಿಂದ ತರಗತಿಗೆ ಇಳಿಸಿ ತರುವ ಅಟೆಂಡರನ ಅಭಿಪ್ರಾಯ ಕೇಳಿದವರುಂಟೆ?)

ಕಾಲ ಬದಲಾಯಿತು. ಇಂದು ಬೇಟೆಗೆ ಹೋಗುವವನು ತನ್ನ ಕೋವಿಯನ್ನು ಬಹುಮಟ್ಟಿಗೆ ತಾನೇ ಹೊರುತ್ತಾನೆ. ಹೊತ್ತ ಮೊದಲ ದಿನವೇ ಅವನಿಗೆ ಭಾರದ ಅರಿವಾಗುತ್ತದೆ. ಎರಡನೆಯ ಕೋವಿಯನ್ನು ಮಾಡಿಸುವಾಗ ಎರಡಂಗುಲ ಕಡಿಸುತ್ತಾನೆ, ದಪ್ಪದಲ್ಲಿ ಒಂದು ನಂಬರು ಇಳಿಸುತ್ತಾನೆ. ಇದರಲ್ಲಿ ನ್ಯಾಯವಿದೆ ಎಂದು ಮೊದಲ ನೋಟಕ್ಕೆ ತೋರುತ್ತದೆ. ತನ್ನ ಹೆಗಲು, ತನ್ನ ಭಾರ, ತನ್ನ ಇಷ್ಟ. ಆದರೆ ಇಳಿಸಿದ ಭಾರ ಎಲ್ಲಿಗೆ ಹೋಯಿತು? ಉಕ್ಕಿನಿಂದ ಹೋದದ್ದು ಒದೆತಕ್ಕೆ ಸೇರಿತು; ಒದೆತದಿಂದ ಅಂಜಿಕೆಗೆ, ಅಂಜಿಕೆಯಿಂದ ತಪ್ಪಿದ ಗುರಿಗೆ, ತಪ್ಪಿದ ಗುರಿಯಿಂದ ಎಮ್ಮೆಯ ಹೊಟ್ಟೆಗೆ. ಏಳುನೂರು ಕಿಲೋ ತೂಗುವ ಆ ಪ್ರಾಣಿ ಗಾಯದೊಡನೆ ಪೊದೆ ಹೊಕ್ಕರೆ ಅದರ ಜಾಡು ಹಿಡಿದು ಹೋಗಬೇಕಾದವರು ಆ ದೇಶದ ವೃತ್ತಿ ಬೇಟೆಗಾರ, ಅವನ ಮುಂದೆ ನೆಲ ನೋಡುತ್ತ ನಡೆಯುವ ಜಾಡುಗಾರ. ಎಷ್ಟೋ ವೇಳೆ ಹಣ ಕೊಟ್ಟು ಬಂದ ಅತಿಥಿಯನ್ನು ಹಿಂದೆಯೇ ನಿಲ್ಲಿಸಿ ಅವರಿಬ್ಬರು ಹೋಗುತ್ತಾರೆ. ಜಾಡುಗಾರನ ಕಣ್ಣು ನೆಲದ ಮೇಲಿರುತ್ತದೆ. ಎಮ್ಮೆಯ ಕಣ್ಣು ಅವನ ಮೇಲಿರುತ್ತದೆ.

ಒದೆತವನ್ನು ತಪ್ಪಿಸುವ ಇನ್ನೊಂದು ಜಾಣತನವಿದೆ. ನಳಿಗೆಯ ಬಾಯಿಗೆ ಸುತ್ತಲೂ ತೂತುಗಳುಳ್ಳ ಒಂದು ಮೂತಿಯನ್ನು ತಿರುಪಿ ಕೂರಿಸುತ್ತಾರೆ. ಬ್ರೇಕು ಎಂದು ಅದರ ಹೆಸರು. ಮುಂದೆ ನುಗ್ಗಬೇಕಾದ ಅನಿಲ ಪಕ್ಕಕ್ಕೂ ಹಿಂದಕ್ಕೂ ಚಿಮ್ಮಿ, ಕೋವಿಯನ್ನು ಮುಂದಕ್ಕೆಳೆದ ಹಾಗಾಗಿ ಒದೆತ ಬಹಳ ಇಳಿಯುತ್ತದೆ. ಹಗುರ ನಳಿಗೆ, ಮೋಟು ನಳಿಗೆ, ನೋಯದ ಹೆಗಲು, ಎಲ್ಲವೂ ಒಟ್ಟಿಗೆ ದೊರಕಿತು! ಆದರೆ ಆ ಚಿಮ್ಮಿದ ಅನಿಲದ ಜೊತೆ ಸದ್ದೂ ಪಕ್ಕಕ್ಕೆ ಚಿಮ್ಮುತ್ತದೆ. ಹೊಡೆಯುವವನು ಕಿವಿಗೆ ಹತ್ತಿ ಇಟ್ಟುಕೊಂಡಿರಬಹುದು. ಪಕ್ಕದಲ್ಲಿ ನಿಂತ ಜಾಡುಗಾರ ಇಟ್ಟುಕೊಳ್ಳಲಾರ. ಕಿವಿಯೇ ಅವನ ಕಸುಬು, ಒಣ ಎಲೆಯ ಸದ್ದಿನಿಂದ ಪ್ರಾಣಿಯ ದಿಕ್ಕು ಹೇಳಬೇಕಾದವನು ಅವನು. ಬ್ರೇಕು ಹಾಕಿದ ಕೋವಿಯೆಂದರೆ ಆಫ್ರಿಕದ ಅನೇಕ ವೃತ್ತಿ ಬೇಟೆಗಾರರು ಮುಖ ಸಿಂಡರಿಸುವುದು ಇದಕ್ಕಾಗಿಯೇ. ಬೇಕರನ ಕಾಲದಲ್ಲಿ ಆಳಿನ ಹೆಗಲ ಮೇಲಿದ್ದ ಭಾರ, ನೂರೈವತ್ತು ವರ್ಷ ಸುತ್ತಿ ಬಂದು, ಮತ್ತೆ ಅದೇ ಮನುಷ್ಯನ ಕಿವಿಯ ಮೇಲೆ ಕುಳಿತಿದೆ. ನಾಗರಿಕತೆಯ ಪ್ರಗತಿ ಎಂಬುದನ್ನು ಹಲವು ಸಲ ಹೀಗೂ ನೋಡಬಹುದೇನೋ.

ಅಂಗಡಿಯವನ ಪಾತ್ರವನ್ನೂ ಒಂದಿಷ್ಟು ಹೇಳಬೇಕು. 1956ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿ .458 ಎಂಬ ತೋಟಾವನ್ನು ಹೊರತಂದಿತು. ಚುಕ್ಕೆಯ ಮುಂದಿನ ಅಂಕಿ ಗುಂಡಿನ ಅಡ್ಡಳತೆ, ಅಂಗುಲದ ಸಾವಿರ ಭಾಗಗಳಲ್ಲಿ. ಸುಮಾರು 32 ಗ್ರಾಮಿನ ಗುಂಡು, ಸೆಕೆಂಡಿಗೆ 2,100 ಅಡಿಗೂ ಮೇಲ್ಪಟ್ಟ ವೇಗ, ಸಾಧಾರಣ ಬೆಲೆಯ ಕೋವಿಯಲ್ಲಿ ಆನೆ ಹೊಡೆಯುವ ಶಕ್ತಿ. ಅದುವರೆಗೆ ಇಂಗ್ಲೆಂಡಿನ ಜೋಡು ನಳಿಗೆಯ ದುಬಾರಿ ಕೋವಿ ಕೊಳ್ಳಲಾರದವರಿಗೆಲ್ಲ ಇದು ವರವಾಗಿ ಕಂಡಿತು. ಆದರೆ ಆ ಅಂಕಿ ಉದ್ದನೆಯ ಪರೀಕ್ಷಾ ನಳಿಗೆಯಲ್ಲಿ ಬಂದದ್ದು. ಎರಡೂವರೆ ಅಂಗುಲದ ಗಿಡ್ಡ ತೋಟಾದೊಳಗೆ ಮದ್ದನ್ನು ಒತ್ತಿ ತುಂಬಿತ್ತು. ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದು ಗಟ್ಟಿಯಾದ ಮದ್ದು ಸರಿಯಾಗಿ ಉರಿಯದೆ ಹೋಗುವುದೂ ಇತ್ತು. ಕಾಡಿಗೆ ಹೋದವರ ಕೈಯ ಗಿಡ್ಡ ನಳಿಗೆಗಳಲ್ಲಿ ವೇಗ ಎಷ್ಟೋ ಸಲ 2,000 ಅಡಿಯನ್ನೂ ಮುಟ್ಟಲಿಲ್ಲ. ಒಂದಂಗುಲದ ನಷ್ಟ ಎಮ್ಮೆಗೆ ತಿಳಿಯದೆಂದು ಮೇಲೆ ಹೇಳಿದೆ. ಅಂಗುಲದ ನಷ್ಟ, ಮದ್ದಿನ ನಷ್ಟ, ಪೆಟ್ಟಿಗೆಯ ಮೇಲಿನ ಅತ್ಯುಕ್ತಿ ಮೂರೂ ಕೂಡಿದಾಗ ತಿಳಿಯುತ್ತದೆ. 1959ರಲ್ಲಿ ಮೊಜಾಂಬಿಕದಲ್ಲಿ ಜ್ಯಾಕ್ ಲಾಟ್ ಎಂಬ ಅಮೆರಿಕನ್ನನು ಈ ತೋಟಾದಿಂದ ಕಾಡೆಮ್ಮೆಗೆ ಹೊಡೆದ. ಎಮ್ಮೆ ನಿಲ್ಲಲಿಲ್ಲ, ಅವನನ್ನು ತಿವಿದು ಗಾಯಗೊಳಿಸಿತು. ಬದುಕಿಕೊಂಡ ಆತ 1971ರಲ್ಲಿ ಅದೇ ಅಡ್ಡಳತೆಯ, 2.8 ಅಂಗುಲ ಉದ್ದದ ತೋಟಾವನ್ನು ರೂಪಿಸಿದ. ಇಂದಿಗೂ ಅದಕ್ಕೆ ಅವನ ಹೆಸರೇ ಇದೆ. ಮೈಯಲ್ಲಿ ಗಾಯವಾದವನೇ ಅಂಕಿಯನ್ನು ಮತ್ತೆ ಕೂಡಿ ನೋಡಿದ್ದು. ಗಾಯಗೊಂಡ ಎಮ್ಮೆಗಳಿಗೆ ಹೊಸ ತೋಟಾ ರೂಪಿಸುವ ಅನುಕೂಲವಿಲ್ಲ.

ತಪ್ಪಿದ ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಲೆಕ್ಕವಿದೆ. 1907ರಲ್ಲಿ ಕಾರ್ಬೆಟ್ ಕುಮಾವೋನಿನ ಚಂಪಾವತದಲ್ಲಿ ಹೊಡೆದ ಹೆಣ್ಣುಹುಲಿ, ನೇಪಾಳದಲ್ಲೂ ಇತ್ತಲೂ ಸೇರಿ, 436 ಜನರನ್ನು ಕೊಂದಿತ್ತು. ಸತ್ತಮೇಲೆ ನೋಡಿದರೆ ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ದವಡೆಯ ಮೂಳೆಯವರೆಗೆ. ಹಿಂದೆಂದೋ ತಗುಲಿದ ಗುಂಡಿನ ಏಟು ಅದು, ಅದರಿಂದಲೇ ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಈ ಹುಲಿ ಮನುಷ್ಯರ ಮೇಲೆ ಬಿದ್ದಿತು ಎಂದು ಕಾರ್ಬೆಟ್ಟನ ತೀರ್ಮಾನ. ಆಂಡರ್ಸನ್ನನ ಕತೆಗಳಲ್ಲೂ ಗಾಯದಿಂದ ನರಭಕ್ಷಕವಾದ ಪ್ರಾಣಿಗಳುಂಟು. ಆ ಮೊದಲ ಗುಂಡನ್ನು ಹೊಡೆದವನು ಯಾರೋ. ಗುರಿ ಸ್ವಲ್ಪ ತಪ್ಪಿತೆಂದುಕೊಂಡು ಸಂಜೆ ಮನೆಗೆ ಹೋಗಿ ಊಟ ಮಾಡಿರಬೇಕು. ಹುಲ್ಲು ಕೊಯ್ಯಲು ಹೋದ ಹೆಂಗಸರು, ಸೌದೆಗೆ ಹೋದ ಮಕ್ಕಳು, ಅವರ ಲೆಕ್ಕ ಅವನ ಲೆಕ್ಕದಲ್ಲಿ ಎಂದೂ ಸೇರಿರಲಾರದು. ಚಂಪಾವತದ ಕತೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕೊನೆಯ ಏಟಿಗೆ ಕಾರ್ಬೆಟ್ಟನ ಬಳಿ ತೋಟಾ ಮುಗಿದಿತ್ತು. ತಹಶೀಲ್ದಾರನ ಕೋವಿಯನ್ನು ಇಸಕೊಂಡ. ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು ಬಿಟ್ಟಿತ್ತು. ತೆರೆದ ಬಾಯಿಗೆ ಗುರಿಯಿಟ್ಟ ಗುಂಡು ಹುಲಿಯ ಪಾದಕ್ಕೆ ತಗುಲಿತು. ಅಷ್ಟರಲ್ಲಿ ಮೊದಲಿನ ಏಟುಗಳಿಂದಲೇ ಅದು ಮುಗಿದಿದ್ದರಿಂದ ಕಾರ್ಬೆಟ್ ಉಳಿದ.

"ಕೊಲ್ಲುವುದೇ ತಪ್ಪೆಂದಮೇಲೆ ಕೊಲ್ಲುವ ನಳಿಗೆಯ ಅಳತೆ ಕಟ್ಟಿಕೊಂಡು ನಿಮಗೇನಾಗಬೇಕು?" ಎಂದು ನಮ್ಮ ಮನೆಯವರು ಈ ಲೇಖನದ ಮೊದಲ ಪುಟ ಓದಿದಾಗಲೇ ಕೇಳಿದರು. ಬಹುಪಾಲು ವಾಚಕರ ಪ್ರಶ್ನೆಯೂ ಅದೇ ಇರಬೇಕು. ಮೋಜಿಗಾಗಿ ಕೊಲ್ಲುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಒಪ್ಪುವುದಿಲ್ಲವೆಂದ ಮಾತ್ರಕ್ಕೆ ಉಳಿದ ಪ್ರಶ್ನೆಗಳಿಗೆ ಬೆನ್ನು ತಿರುಗಿಸುವುದು ಸುಲಭದ ಪುಣ್ಯ. ಮಹಾಭಾರತದ ಆದಿಪರ್ವದಲ್ಲಿ ಪಾಂಡುವಿಗೂ ಕಿಂದಮನೆಂಬ ಋಷಿಗೂ ನಡೆಯುವ ಮಾತನ್ನು ಗಮನಿಸಿ. ಜಿಂಕೆಯ ರೂಪದಲ್ಲಿ ಹೆಂಡತಿಯನ್ನು ಕೂಡಿದ್ದ ಋಷಿಗೆ ಪಾಂಡು ಬಾಣ ಬಿಡುತ್ತಾನೆ. ಕ್ಷತ್ರಿಯರಿಗೆ ಬೇಟೆ ವಿಹಿತವೆಂದು ಅವನ ಸಮರ್ಥನೆ. ಸಾಯುತ್ತಿರುವ ಕಿಂದಮ ಅದನ್ನು ಅಲ್ಲಗಳೆಯುವುದಿಲ್ಲ. ಜಿಂಕೆಯನ್ನು ಹೊಡೆದನೆಂದು ಅವನ ದೂರಲ್ಲ, ಆ ಹೊತ್ತು ಮುಗಿಯುವವರೆಗೆ ಕಾಯಲಿಲ್ಲವೆಂದು. ನಾವು ಚಿಕ್ಕಂದಿನಿಂದ ಕೇಳಿದ ಕತೆಯಲ್ಲಿ ಶಾಪವಷ್ಟೇ ಉಳಿದು ಈ ಸೂಕ್ಷ್ಮ ಮರೆತುಹೋಗಿದೆ. ಕೊಲ್ಲಬಹುದೇ ಎಂಬುದು ಒಂದು ಪ್ರಶ್ನೆ, ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದೆಂದವನಿಗೆ ಎರಡನೆಯದರಿಂದ ಬಿಡುಗಡೆಯಿಲ್ಲ.

ತಿರುಗಿ, ಎರಡನೆಯದಕ್ಕೆ ಚೆನ್ನಾಗಿ ಉತ್ತರ ಕೊಟ್ಟವನಿಗೆ ಮೊದಲನೆಯದರಿಂದಲೂ ಬಿಡುಗಡೆಯಿಲ್ಲ. ಇಲ್ಲಿ ನನ್ನನ್ನು ಬಹಳ ದಿನ ಕಾಡಿದವನು ಬೆಲ್ ಎಂಬ ಸ್ಕಾಟ್ಲೆಂಡಿನವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಗಾಂಡದ ಕರಮೋಜ ಪ್ರಾಂತದಲ್ಲಿ ದಂತಕ್ಕಾಗಿ ಬೇಟೆಯಾಡಿದ ಇವನು ನಾನು ಮೇಲೆ ಕಟ್ಟಿದ ವಾದವನ್ನೆಲ್ಲ ತಲೆಕೆಳಗು ಮಾಡುತ್ತಾನೆ. ಎಲ್ಲರೂ ತೋಪಿನಂಥ ಕೋವಿ ಹೊರುತ್ತಿದ್ದಾಗ ಇವನ ಕೈಯಲ್ಲಿ ಹಗುರವಾದ 7 ಮಿಲಿಮೀಟರಿನ ರೈಫಲು. ಹನ್ನೊಂದು ಗ್ರಾಮಿನ ಪುಟ್ಟ ಗುಂಡು. ಆನೆಯ ತಲೆಬುರುಡೆಗಳನ್ನು ಗರಗಸದಿಂದ ಕೊಯ್ದು ಮೆದುಳು ಎಲ್ಲಿದೆ, ಯಾವ ಕಡೆಯಿಂದ ಎಲ್ಲಿ ಹೊಡೆದರೆ ತಲುಪುತ್ತದೆ ಎಂದು ಅಭ್ಯಾಸ ಮಾಡಿದ. ಬರಿಯ ಕೋವಿ ಹಿಡಿದು ದಿನವೂ ಗುರಿ ಸಾಧಿಸಿದ. ಅವನು ಹೊಡೆದ ಆನೆ ನಿಂತಲ್ಲೇ ಕುಸಿಯುತ್ತಿತ್ತು. ಪಕ್ಕದ ಆನೆಗೂ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಭಾರವನ್ನು ಅವನು ಉಕ್ಕಿನಿಂದ ತೆಗೆದು ತನ್ನ ಸಾಧನೆಯ ಮೇಲೆ ಹಾಕಿಕೊಂಡ, ಬೇರೆಯವರ ಮೇಲಲ್ಲ. ಇಷ್ಟಕ್ಕೆ ನಿಲ್ಲಿಸಿದರೆ ಅವನನ್ನು ಹೊಗಳಿ ಮುಗಿಸಬಹುದು. ಆದರೆ ಅವನು ಹೊಡೆದ ಆನೆಗಳ ಸಂಖ್ಯೆ ಒಂದು ಸಾವಿರಕ್ಕೂ ಹೆಚ್ಚು. ಭಾರವಾದ ಕೋವಿ, ಒದೆಯುವ ಕೋವಿ, ನರ ಕೆಡಿಸುವ ಕೋವಿ ಮನುಷ್ಯನಿಗೆ ಎಂದಾದರೂ ಸಾಕೆನ್ನಿಸುತ್ತದೆ. ನೋವಿಲ್ಲದ ನಳಿಗೆಗೆ ಸಾಕೆಂಬುದಿಲ್ಲ. ಅತ್ಯಂತ ದಯೆಯ ಸಾವನ್ನು ಕೊಟ್ಟ ಕೈಯೇ ಅಷ್ಟೊಂದು ಸಾವುಗಳನ್ನೂ ಕೊಟ್ಟಿತು. ಅಚ್ಚುಕಟ್ಟುತನ ಬೇಟೆಗಾರನ ಕರ್ತವ್ಯ, ಸಂದೇಹವಿಲ್ಲ. ಅದನ್ನು ಸಮರ್ಥನೆಯ ಸ್ಥಾನಕ್ಕೇರಿಸಿದ ದಿನ ಲೆಕ್ಕ ಕೈತಪ್ಪುತ್ತದೆ. ನಮ್ಮ ಕಾಲದ ಬೇರೆ ಅನೇಕ ಅಚ್ಚುಕಟ್ಟಾದ ಯಂತ್ರಗಳಿಗೂ ಈ ಮಾತು ಸಲ್ಲುವುದೇನೋ. ಅದನ್ನು ವಿಸ್ತರಿಸುವ ಜಾಗ ಇದಲ್ಲ.

ಗುರಿ ತಪ್ಪದಿದ್ದರೆ ಸಾಕೆನ್ನುವವರು ದಶರಥನನ್ನು ನೆನೆಯಬೇಕು. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಅವನು ಬಾಣ ಬಿಟ್ಟ. ಬಿಲ್ಲು ಚೆನ್ನಾಗಿತ್ತು, ವಿದ್ಯೆ ಚೆನ್ನಾಗಿತ್ತು, ಬಾಣ ಹೋಗಬೇಕಾದಲ್ಲಿಗೇ ಹೋಯಿತು. ಬಿದ್ದವನು ಕುರುಡ ತಂದೆತಾಯಿಗಳ ಮಗ. ಆಮೇಲೆ ದಶರಥ ಮಾಡಿದ್ದನ್ನು ಮಾತ್ರ ಮೆಚ್ಚಬೇಕು. ಕತ್ತಲಲ್ಲಿ ಯಾರೂ ನೋಡಿರಲಿಲ್ಲ. ರಥ ತಿರುಗಿಸಿಕೊಂಡು ಅಯೋಧ್ಯೆಗೆ ಹೋಗಬಹುದಿತ್ತು. ಹೋಗಲಿಲ್ಲ. ಕೂಗು ಕೇಳಿದ ಕಡೆಗೆ ನಡೆದ, ಸಾಯುವವನ ಮಾತು ಕೇಳಿದ, ಕೊಡವನ್ನು ತಾನೇ ತುಂಬಿ ಹೊತ್ತುಕೊಂಡು ಆ ಮುದುಕರ ಬಳಿಗೆ ಹೋಗಿ ನಡೆದದ್ದನ್ನು ಹೇಳಿದ. ಒಳ್ಳೆಯ ಬೇಟೆಗಾರರ ಸಂಹಿತೆಯಲ್ಲೂ ಇದೊಂದು ನಿಯಮವಿದೆ: ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರಕೂಡದು, ಹೊಡೆದವನು ಹಿಂಬಾಲಿಸಬೇಕು. ಕಾರ್ಬೆಟ್ಟನೂ ಆಂಡರ್ಸನ್ನನೂ ಅದನ್ನು ಪಾಲಿಸಿದವರು. ಕೊಡವನ್ನು ಆಳಿನ ಕೈಲಿ ಕಳಿಸುವುದು ದಶರಥನಿಗೆ ತೋಚಲಿಲ್ಲ.

ಹಾಗಾದರೆ ನಳಿಗೆಯ ಅಳತೆಯೇನು ಎಂದು ಯಾರಾದರೂ ಈ ಕನ್ನಡ ಮೇಷ್ಟರನ್ನೇ ಪಟ್ಟುಹಿಡಿದು ಕೇಳಿದರೆ ಉತ್ತರ ಹೇಳದೆ ನುಣುಚಿಕೊಳ್ಳುವುದು ಸರಿಯಲ್ಲ. ಆಫ್ರಿಕದ ಹಲವು ದೇಶಗಳ ಕಾನೂನು ಅಪಾಯದ ಪ್ರಾಣಿಗಳಿಗೆ .375ಕ್ಕಿಂತ ಚಿಕ್ಕ ಕೋವಿ ಕೂಡದೆನ್ನುತ್ತದೆ. ಹೆಚ್ಚಿನವರಿಗೆ ಅದೇ ಸಾಕು, ಅದಕ್ಕಿಂತ ದೊಡ್ಡದು ಹೆಚ್ಚಾಗಿ ಮಾತಿಗೆ. ನಳಿಗೆ 24 ಅಂಗುಲದ ಆಸುಪಾಸು ಇರಲಿ. ದಪ್ಪವನ್ನು, ತುಂಬಿದ ಕೋವಿ ನಾಲ್ಕು ಕಿಲೋಗೆ ಇಳಿಯದಷ್ಟು, .458 ಆದರೆ ನಾಲ್ಕೂವರೆಗೆ ಇಳಿಯದಷ್ಟು, ಉಳಿಸಿಕೊಳ್ಳಲಿ. ಮೂತಿಗೆ ತೂತಿನ ಬ್ರೇಕು ಬೇಡ. ಪೆಟ್ಟಿಗೆಯ ಮೇಲಿನ ವೇಗವನ್ನು ನಂಬದೆ ತನ್ನ ನಳಿಗೆಯಲ್ಲೇ ಅಳೆದು ನೋಡಲಿ. ಹೊರಡುವ ಮುಂಚೆ ಆ ಕೋವಿಯಲ್ಲಿ, ಕಣ್ಣು ಮುಚ್ಚದೆ, ನೂರು ತೋಟಾವಾದರೂ ಹೊಡೆದಿರಲಿ. ಕಣ್ಣು ಮುಚ್ಚುವುದಾದರೆ ಚಿಕ್ಕ ಕೋವಿಗೆ ಇಳಿಯಲಿ, ಇಲ್ಲವೆ ಹೋಗದಿರಲಿ. ಕಾಡಿನಲ್ಲಿ ಕೋವಿಯನ್ನು ಬೆಳಗಿನಿಂದ ಸಂಜೆಯವರೆಗೆ ತಾನೇ ಹೊರಲಿ, ಜಾಡುಗಾರನ ಕೈಗೆ ಕೊಡದೆ. ಅಷ್ಟು ಭಾರ ಹೊತ್ತು ಬಿಸಿಲಿನಲ್ಲಿ ಹತ್ತು ಮೈಲಿ ನಡೆಯಲಾರೆನೆನ್ನುವವರು ಬಿಡಾರದಲ್ಲೇ ಕುಳಿತು ಚಹಾ ಕುಡಿಯಬಹುದು. ಎಮ್ಮೆಗಳ ಕಡೆಯಿಂದ ಅದಕ್ಕೆ ಅಡ್ಡಿ ಬರಲಾರದು.